ಹೆರಿಗೆ ಕೋಣೆಯ ಬಾಗಿಲು ಮುಚ್ಚಿದ್ದು ಯಾವಾಗ?

ನನ್ನ ತಂಗಿಯ ಮೊದಲ ಹೆರಿಗೆ ಆದದ್ದು 2014ರಲ್ಲಿ. ಬೆಳಗಿನ ಜಾವ ನೋವು ಶುರುವಾಯಿತು. ಆಸ್ಪತ್ರೆ ಮುಟ್ಟಿದ ಸ್ವಲ್ಪ ಹೊತ್ತಿಗೇ ಅವಳನ್ನು ಲೇಬರ್ ವಾರ್ಡಿಗೆ ಕರೆದುಕೊಂಡು ಹೋದರು. ಅಮ್ಮ ಬೆನ್ನಿಗೇ ಹೊರಟಳು. "ನೀವು ಆಚೆ ಇರಿ" ಅಂದರು, ಬಾಗಿಲು ಹಾಕಿಕೊಂಡರು.

ಆಮೇಲೆ ಹನ್ನೊಂದು ಗಂಟೆ ಅಮ್ಮ ಆ ಬಾಗಿಲ ಎದುರಿನ ಬೆಂಚಿನ ಮೇಲೇ ಕೂತಿದ್ದಳು. ತೊಡೆಯ ಮೇಲೆ ಬಿಸಿನೀರಿನ ಫ್ಲಾಸ್ಕು. ಒಳಗಿಂದ ಕೂಗು ಕೇಳಿದಾಗಲೆಲ್ಲ ಎದ್ದು ನಿಲ್ಲುವಳು. ಕೂಗಿದ್ದು ತನ್ನ ಮಗಳೋ ಬೇರೆಯವರ ಮಗಳೋ ಅವಳಿಗೆ ತಿಳಿಯುತ್ತಿರಲಿಲ್ಲ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು, ಅದೇ ದೊಡ್ಡದು. ಆದರೆ ತಂಗಿ ಇವತ್ತಿಗೂ ಹೇಳುವುದು ಒಂದೇ ಮಾತು: "ನೋವಿಗಿಂತ ಜಾಸ್ತಿ, ಪಕ್ಕದಲ್ಲಿ ನಮ್ಮೋರು ಯಾರೂ ಇಲ್ಲ ಅನ್ನೋದೇ ಭಯ ಆಗಿತ್ತು ಕಣೇ."

ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುವ ಪದ್ಧತಿ ನಮ್ಮದು. ಅಮ್ಮ ಪಕ್ಕದಲ್ಲಿರಲಿ ಎಂದು ತಾನೆ ಕರೆತರುವುದು? ಹಾಗಿದ್ದಮೇಲೆ ಅಮ್ಮ ಬಾಗಿಲಾಚೆ ಹೋದದ್ದು ಹೇಗೆ?

ನಮ್ಮಜ್ಜಿಯ ಕಾಲದಲ್ಲಿ ಹೆರಿಗೆ ಅಂದರೆ ಮನೆಯ ಒಂದು ಮೂಲೆಯ ಕೋಣೆ. ತೊಲೆಗೆ ಹಗ್ಗ ಕಟ್ಟುತ್ತಿದ್ದರು. ಬೇನೆ ಬಂದಾಗ ಅದನ್ನು ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂರಬೇಕು. ಎದುರಿಗೆ ಸೂಲಗಿತ್ತಿ. ಹಿಂದೆ ಅಮ್ಮನೋ ಅತ್ತಿಗೆಯೋ ಬೆನ್ನಿಗೆ ಆನಿಕೆಯಾಗಿ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಹೀಗೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ಅದೂ ಬಿಡಿಗಾಸು ಕೇಳದೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಆದರೆ ಆ ಕೋಣೆಯನ್ನು ಸುಮ್ನೆ ಹೊಗಳಿದರೆ ಅಲ್ಲಿ ಸತ್ತವರನ್ನು ಮರೆತಂತೆ. ಮಾಸು ಬೀಳದೆ ರಕ್ತ ಹೋದರೆ ಮಾಡುವುದಕ್ಕೆ ಏನೂ ಇರುತ್ತಿರಲಿಲ್ಲ. ಮಗು ಅಡ್ಡವಾಗಿದ್ದರೆ ದೇವರೇ ಗತಿ. ಹೊಕ್ಕುಳಬಳ್ಳಿ ಕುಯ್ದ ಕುಡುಗೋಲಿನಿಂದ ಎಷ್ಟೋ ಕೂಸುಗಳು ಧನುರ್ವಾಯುವಿಗೆ ಹೋದವು. ತಾಯಿ ಮತ್ತು ಕೂಸಿನ ಧನುರ್ವಾಯುವನ್ನು ಭಾರತ ಹತೋಟಿಗೆ ತಂದಿದೆ ಎಂದು ಘೋಷಣೆ ಆದದ್ದೇ 2015ರಲ್ಲಿ.

ಹಾಗಾಗಿ ಆಸ್ಪತ್ರೆ ಬೇಕಿತ್ತು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆ 1935ರಲ್ಲೇ ಶುರುವಾಗಿತ್ತು. ಆದರೂ ಹಳ್ಳಿಯ ಹೆಂಗಸರಿಗೆ ಆಸ್ಪತ್ರೆ ಹೆರಿಗೆ ಮಾಮೂಲಿಯಾಗಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಆಸ್ಪತ್ರೆಯಲ್ಲಿ ಹೆತ್ತರೆ ಕೈಗೆ ಹಣ. ಆಮೇಲೆ ಆಶಾ ಕಾರ್ಯಕರ್ತೆಯರು, ತಾಯಿ ಕಾರ್ಡು, ಕರೆದರೆ ಬರುವ 108. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ ಸುಮಾರು 65 ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-20ರ ಹೊತ್ತಿಗೆ ಅದು 97 ಆಗಿತ್ತು. ರಾಜ್ಯದಲ್ಲಿ ಒಂದು ಲಕ್ಷ ಹೆರಿಗೆಗೆ 2004-06ರಲ್ಲಿ 213 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 69ಕ್ಕೆ ಇಳಿಯಿತು. ಇಷ್ಟು ಜೀವ ಉಳಿದದ್ದು ಸಣ್ಣ ಮಾತಲ್ಲ.

ಇದೇ ದಾರಿಯಲ್ಲಿ ಬಾಗಿಲೂ ಮುಚ್ಚಿಕೊಂಡಿತು. ಅದಕ್ಕೆ ಹೇಳುವ ಮೊದಲ ಕಾರಣ ಸೋಂಕು. ಇದು ಸುಳ್ಳಲ್ಲ. 1847ರಲ್ಲಿ ವಿಯೆನ್ನಾದ ವೈದ್ಯ ಸೆಮ್ಮೆಲ್ವೈಸ್ ಒಂದು ವಿಷಯ ಕಂಡುಕೊಂಡ. ಸೂಲಗಿತ್ತಿಯರ ವಾರ್ಡಿಗಿಂತ ವೈದ್ಯಕೀಯ ವಿದ್ಯಾರ್ಥಿಗಳ ವಾರ್ಡಿನಲ್ಲೇ ಬಾಣಂತಿಯರು ಜ್ವರ ಬಂದು ಜಾಸ್ತಿ ಸಾಯುತ್ತಿದ್ದರು. ಹೆಣ ಕುಯ್ದ ಕೈಯಲ್ಲೇ ಆ ವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದರು. ಕೈ ತೊಳೆಸಿದ ಮೇಲೆ ಸಾವು ಇಳಿಯಿತು. ಗಮನಿಸಿ, ಅಲ್ಲಿ ಸೋಂಕು ಒಯ್ದದ್ದು ಹೆರುವವಳ ಅಮ್ಮ ಅಲ್ಲ. ಆದರೂ ಆಮೇಲೆ ಆಸ್ಪತ್ರೆಗಳು ಸ್ವಚ್ಛತೆಯ ಹೆಸರಿನಲ್ಲಿ ಮನೆಯವರನ್ನೇ ಹೊರಗಿಟ್ಟವು.

ನಮ್ಮಲ್ಲಿ ಅದಕ್ಕಿಂತ ದೊಡ್ಡ ಕಾರಣ ಜಾಗದ್ದು. ಒಂದೇ ಹಾಲ್, ಸಾಲಾಗಿ ನಾಲ್ಕಾರು ಟೇಬಲ್, ನಡುವೆ ಪರದೆ ಇಲ್ಲ. ಒಬ್ಬಳ ಕಡೆಯವರು ಒಳಗೆ ಬಂದರೆ ಪಕ್ಕದವಳ ಮಾನ ಹೋಗುತ್ತದೆ. ಆದ್ದರಿಂದ ಯಾರೂ ಬೇಡ. ಪರದೆಯ ಖರ್ಚು ಎಷ್ಟು ಅಂತ ಯೋಚಿಸಿ. ಅಷ್ಟು ಸಣ್ಣ ವಸ್ತು ಇಲ್ಲದೆ ಲಕ್ಷಾಂತರ ಹೆಂಗಸರು ಒಂಟಿಯಾಗಿ ಹೆತ್ತರು. ಯೋಜನೆಯ ಮೇಲೆ ಯೋಜನೆ ಬಂದು ಜನ ತುಂಬಿದರು, ನರ್ಸುಗಳ ಸಂಖ್ಯೆ ಆ ಪ್ರಮಾಣದಲ್ಲಿ ಏರಲಿಲ್ಲ. ಗದರುವುದು, ತೊಡೆಗೆ ಏಟು, "ಆವಾಗ ಗೊತ್ತಾಗ್ಲಿಲ್ವಾ?" ಎನ್ನುವ ಮಾತು. ಇದನ್ನು ಕೇಳಿಸಿಕೊಂಡವರು ಪ್ರತಿ ಮನೆಯಲ್ಲೂ ಸಿಗುತ್ತಾರೆ. ನೋಡುವವರು ಇಲ್ಲದ ಕಡೆ ಇಂಥದ್ದೆಲ್ಲ ಸಲೀಸು.

ಜೊತೆಗಾರರು ಬೇಕು ಎನ್ನುವುದು ಬರೀ ಸೆಂಟಿಮೆಂಟ್ ಎಂದುಕೊಂಡಿದ್ದವರಿಗೆ ಉತ್ತರ ಸಿಕ್ಕಿದ್ದು ಗ್ವಾಟೆಮಾಲಾದಿಂದ. ಅಲ್ಲಿನ ಒಂದು ತುಂಬಿದ ಆಸ್ಪತ್ರೆಯಲ್ಲೂ ಹೆರುವವರ ಜೊತೆ ಯಾರನ್ನೂ ಬಿಡುತ್ತಿರಲಿಲ್ಲ. ಅಮೆರಿಕದ ಮಕ್ಕಳ ವೈದ್ಯರಾದ ಕೆನೆಲ್, ಕ್ಲಾಸ್ ಮತ್ತವರ ಸಂಗಡಿಗರು ಕೆಲವರ ಪಕ್ಕದಲ್ಲಿ ಒಬ್ಬ ಹೆಂಗಸನ್ನು ಕೂರಿಸಿದರು. ಅವಳು ನರ್ಸಲ್ಲ, ಪರಿಚಯದವಳೂ ಅಲ್ಲ. ಬೆನ್ನು ನೀವುತ್ತಾ, ಕೈ ಹಿಡಿದು, ಮಾತಾಡುತ್ತಾ ಇದ್ದಳು, ಅಷ್ಟೇ. 1980ರಲ್ಲಿ ಫಲಿತಾಂಶ ಅಚ್ಚಾಯಿತು. ತೊಡಕಿಲ್ಲದ ಹೆರಿಗೆಗಳನ್ನು ಹೋಲಿಸಿದಾಗ, ಒಂಟಿಯಾಗಿದ್ದವರಿಗೆ ಸರಾಸರಿ 19 ಗಂಟೆ ಹಿಡಿದಿತ್ತು. ಜೊತೆ ಇದ್ದವರಿಗೆ 9 ಗಂಟೆಗೂ ಕಡಿಮೆ. ಭಯವಾದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಅದು ಗರ್ಭಕೋಶ ಹಿಂಡುವುದನ್ನು ತಡೆಯುತ್ತದೆ. ಭಯ ಇಳಿದರೆ ನೋವು ತನ್ನ ದಾರಿಯಲ್ಲಿ ಸಾಗುತ್ತದೆ. 2017ರಲ್ಲಿ 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಮೇಲಿನ ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದಾಗಲೂ ಜೊತೆಗಾರರಿದ್ದರೆ ಹೆರಿಗೆ ಬೇಗ, ಸಿಸೇರಿಯನ್ ಕಡಿಮೆ ಎಂದೇ ಬಂತು.

ನಮ್ಮ ಪಕ್ಕದ ತಮಿಳುನಾಡು ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ಬೇಗ ಶುರುಮಾಡಿತು. ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಹೆತ್ತ ಅನುಭವ ಇರುವ ಮನೆಯ ಹೆಂಗಸು ಒಬ್ಬಳು ಒಳಗಿರಬಹುದು. ಸೋಂಕಿನ ಕಾಯಿಲೆ ಇರಬಾರದು, ಬಟ್ಟೆ ಶುಚಿಯಾಗಿರಬೇಕು, ಪಕ್ಕದ ಟೇಬಲ್ಲಿನವರ ತಂಟೆಗೆ ಹೋಗಬಾರದು. ಮರೆ ಇರುವ ಕಡೆ ಗಂಡನನ್ನೂ ಬಿಡಬಹುದು. ಹೆರಿಗೆ ಕೋಣೆಗಳನ್ನು ಸುಧಾರಿಸಲು ಕೇಂದ್ರ 2017ರ ಕೊನೆಗೆ ತಂದ ಲಕ್ಷ್ಯ ಕಾರ್ಯಕ್ರಮ ಟೇಬಲ್‌ಗಳ ನಡುವೆ ಪರದೆ ಬೇಕೇ ಬೇಕು ಎಂದಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹೆರುವವಳು ತನಗೆ ಬೇಕಾದವರನ್ನು ಜೊತೆಗಿಟ್ಟುಕೊಳ್ಳಲಿ, ತನಗೆ ಹಿತವಾದ ಭಂಗಿಯಲ್ಲಿ ಹೆರಲಿ, ಮಗು ಬರುವ ದಾರಿ ಅಗಲಿಸಲು ಎಲ್ಲರಿಗೂ ಕತ್ತರಿ ಹಾಕಿ ಹೊಲಿಯುವುದು ಬೇಡ ಎಂದು ಹೇಳಿತು. ಅಜ್ಜಿಯ ಕುಕ್ಕರಗಾಲು ಅರ್ಧ ತಿರುಗಿ ಬಂದಂತೆ. ಕೋವಿಡ್ ಬಂದಾಗ ಎಷ್ಟೋ ಕಡೆ ಬಾಗಿಲು ಮತ್ತೆ ಬಿತ್ತು.

ಪಕ್ಕದಲ್ಲಿ ನಮ್ಮವರು ಇದ್ದರೆ ಇನ್ನೊಂದು ಉಪಯೋಗ ಇದೆ, ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಬೇನೆಯಲ್ಲಿರುವವಳು ಪ್ರಶ್ನೆ ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತುರ್ತು ಇಲ್ಲದಾಗ ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಒಪ್ಪಿಗೆ ಆಗುವುದಿಲ್ಲ ಎಂದಿದೆ. ಆದರೂ ಅಡ್ಮಿಟ್ ಆಗುವಾಗಲೇ ಓದದೆ ಸಹಿ ಹಾಕುವವರೇ ಹೆಚ್ಚು. 2019-20ರ ಸಮೀಕ್ಷೆಯಲ್ಲಿ ಕರ್ನಾಟಕದ ಶೇ. 31.5 ಹೆರಿಗೆ ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ. ಇವುಗಳಲ್ಲಿ ಜೀವ ಉಳಿಸಿದವು ಖಂಡಿತ ಇವೆ. ಯಾವುದು ಬೇಕಿತ್ತು, ಯಾವುದು ಬೇಡವಾಗಿತ್ತು ಅಂತ ಆ ಹೊತ್ತಲ್ಲಿ ಕೇಳಲು ಒಂದು ಬಾಯಿ ಬೇಕು.

ತಂಗಿಯ ಎರಡನೇ ಹೆರಿಗೆ 2022ರಲ್ಲಿ, ಬೇರೆ ಆಸ್ಪತ್ರೆಯಲ್ಲಿ. ಏಳನೇ ತಿಂಗಳಲ್ಲೇ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮನ್ನ ಒಳಗೆ ಬಿಡ್ತೀರಾ?" ಬಿಟ್ಟರು. ಅಮ್ಮ ಹಸಿರು ಗೌನ್ ಹಾಕಿಕೊಂಡು, ಪರದೆಯ ಪಕ್ಕದ ಸ್ಟೂಲ್ ಮೇಲೆ ಕೂತು ಸೊಂಟ ನೀವಿದಳು. ಫ್ಲಾಸ್ಕಿನಿಂದ ಗುಟುಕು ಗುಟುಕಾಗಿ ಬಿಸಿನೀರು ಕುಡಿಸಿದಳು. ನೋವು ಬರಿಸುವ ಡ್ರಿಪ್ ಹಾಕೋಣ ಅಂದಾಗ, "ಯಾಕೆ ಡಾಕ್ಟ್ರಮ್ಮ, ಈಗಲೇ ಬೇಕಾ?" ಅಂತ ಕೇಳಿದಳು. ಡಾಕ್ಟರು ಇನ್ನೊಮ್ಮೆ ಪರೀಕ್ಷಿಸಿ, ಮಗುವಿನ ಎದೆಬಡಿತ ಕೇಳಿ, "ಎರಡು ಗಂಟೆ ನೋಡೋಣ ಬಿಡಿ" ಅಂದರು. ಡ್ರಿಪ್ ಸ್ಟ್ಯಾಂಡ್ ಗೋಡೆಯ ಪಕ್ಕ ಹಾಗೇ ನಿಂತಿತ್ತು. ಒಂದೂವರೆ ಗಂಟೆಗೆ ಮಗು ಅತ್ತಿತು.