‘ಹೋಗಿದ್ದೆ’ ಅಂದರೆ ‘ಹ್ಯಾಡ್ ಗಾನ್’ ಅಲ್ಲ

ಹುತ್ತರಿ ರಜೆ ಮುಗಿದ ಮೇಲೆ ಇಂಗ್ಲಿಷಿನಲ್ಲಿ ಬರೆದ ಪುಟದಲ್ಲಿ ನನ್ನ ಮೊದಲ ಸಾಲು ಹೀಗಿತ್ತು: ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಮಡಿಕೇರಿ.’ ಮೇಷ್ಟ್ರು ‘ಹ್ಯಾಡ್’ಗೆ ಕೆಂಪು ಸುತ್ತು ಹಾಕಿ ಪಕ್ಕದಲ್ಲಿ ಕೇಳಿದ್ದರು: ‘ಹೋಗಿದ್ದೆ, ಸರಿ. ಆಮೇಲೆ ಏನಾಯ್ತು?’ ಏನೂ ಆಗಿರಲಿಲ್ಲ, ಸಂಜೆ ಬಸ್ಸಿಗೆ ವಾಪಸ್ ಬಂದಿದ್ದೆ.

ಮನೆಯಲ್ಲಿ ಕೊಡಗಿನ ಕಡೆಯ ಆಡುಮಾತಾದ ಅರೆಭಾಷೆ, ಹೊರಗೆ ಕನ್ನಡ ಆಡುವ ನನಗೆ ಈ ಪ್ರಶ್ನೆ ಅರ್ಥವಾಗಲು ಎರಡು ದಿನ ಬೇಕಾಯಿತು. ಕನ್ನಡದಲ್ಲಿ ‘ನಿನ್ನೆ ಮಡಿಕೇರಿಗೆ ಹೋಗಿದ್ದೆ’ ಅಂದರೆ ಹೋಗಿ ಬಂದೂ ಆಯಿತು ಅಂತ. ಇಂಗ್ಲಿಷಿಗೆ ಅಲ್ಲಿ ‘ವೆಂಟ್’ ಸಾಕು. ‘ಹ್ಯಾಡ್’ ಬೇಕಾಗುವುದು ನಡೆದುಹೋದ ಎರಡು ಸಂಗತಿಗಳಲ್ಲಿ ಯಾವುದು ಮೊದಲು ಎಂದು ತೋರಿಸಲು: ‘ವೆನ್ ಐ ರೀಚ್ಡ್ ದಿ ಸ್ಟ್ಯಾಂಡ್, ದಿ ವಿರಾಜಪೇಟೆ ಬಸ್ ಹ್ಯಾಡ್ ಲೆಫ್ಟ್.’ ಬಸ್ ಹೊರಟಿದ್ದು ಮೊದಲು, ನಾನು ಮುಟ್ಟಿದ್ದು ಆಮೇಲೆ. ‘ಯೆಸ್ಟರ್‌ಡೇ ಐ ಹ್ಯಾವ್ ಗಾನ್’ ಕೂಡ ತಪ್ಪೇ. ಮುಗಿದ ದಿನದ ಹೆಸರು ಹೇಳಿದ ಮೇಲೆ ‘ಹ್ಯಾವ್’ಗೆ ಜಾಗವಿಲ್ಲ.

ಎರಡನೇ ಗುಂಡಿ ನಮ್ಮ ‘ಇಂದ’. ‘ಸೋಮವಾರದಿಂದ’, ‘ಮೂರು ವರ್ಷದಿಂದ’ ಎರಡಕ್ಕೂ ನಮಗೆ ಅದೊಂದೇ ಪ್ರತ್ಯಯ. ಹಾಗಾಗಿ ‘ಐ ಆ್ಯಮ್ ಸ್ಟಡಿಯಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್’ ಎಂದು ಸಲೀಸಾಗಿ ಬರೆದುಬಿಡುತ್ತೇವೆ. ಶುರುವಾದ ಗಳಿಗೆಗೆ ‘ಸಿನ್ಸ್’, ಕಳೆದ ಅವಧಿಗೆ ‘ಫಾರ್’. ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು ಮೈಸೂರು ರಾಜ್ಯದ ಜಿಲ್ಲೆಯಾದದ್ದು 1956ರ ನವೆಂಬರ್ 1ರಂದು. ಆದ್ದರಿಂದ ‘ಕೊಡಗು ಹ್ಯಾಸ್ ಬೀನ್ ಎ ಡಿಸ್ಟ್ರಿಕ್ಟ್ ಸಿನ್ಸ್ 1956’. ತೋಟದ ಲೆಕ್ಕವಾದರೆ ‘ವಿ ಹ್ಯಾವ್ ಗ್ರೋನ್ ಪೆಪ್ಪರ್ ಫಾರ್ ಟ್ವೆಂಟಿ ಇಯರ್ಸ್.’ ಕ್ರಿಯಾಪದವನ್ನೂ ನೋಡಿ: ಕನ್ನಡದ ‘ಓದುತ್ತಿದ್ದೇನೆ’ ಇಲ್ಲಿ ‘ಆ್ಯಮ್ ಸ್ಟಡಿಯಿಂಗ್’ ಆಗದು, ‘ಹ್ಯಾವ್ ಬೀನ್ ಸ್ಟಡಿಯಿಂಗ್’ ಆಗಬೇಕು. ನಾನು ಈಗಲೂ ಎಡವುವುದು ಇಲ್ಲೇ.

‘ಎ’, ‘ದಿ’ಯಂಥ ಆರ್ಟಿಕಲ್ ನಮ್ಮಲ್ಲಿ ಇಲ್ಲವೇ ಇಲ್ಲ, ಅದನ್ನು ಬಳಸಿ ಬಳಸಿಯೇ ರೂಢಿ ಮಾಡಿಕೊಳ್ಳಬೇಕು. ನದಿಗೆ ‘ದಿ’ ಬೇಕು, ಒಂಟಿ ಬೆಟ್ಟಕ್ಕೆ ಬೇಡ: ‘ದಿ ಕಾವೇರಿ’, ಆದರೆ ಬರೀ ‘ತಡಿಯಂಡಮೋಳ್’. ‘ಡಿಸ್ಕಸ್ ಅಬೌಟ್’ನಲ್ಲಿ ‘ಅಬೌಟ್’ ಹೊಡೆದುಹಾಕಿ. ಅದು ನಮ್ಮ ‘ಬಗ್ಗೆ ಚರ್ಚಿಸು’ವಿನ ನೆರಳು.

ತಪ್ಪಿಗೆಲ್ಲ ಕನ್ನಡವನ್ನೇ ದೂರುವ ಹಾಗೂ ಇಲ್ಲ. ‘ಐ ಡಿಡ್ ನಾಟ್ ವೆಂಟ್’ ಎಂದು ಬರೆಯುವವರು ತಮ್ಮದೇ ‘ಹೋಗಲಿಲ್ಲ’ವನ್ನು ಬಿಡಿಸಿ ನೋಡಲಿ. ಹಿಂದಿನ ಕಾಲ ಇರುವುದು ‘ಲಿಲ್ಲ’ದಲ್ಲಿ, ‘ಹೋಗ’ದಲ್ಲಿ ಅಲ್ಲ. ‘ಡಿಡ್ ನಾಟ್ ಗೋ’ ಕೂಡ ಹಾಗೇ, ಕಾಲದ ಹೊರೆಯನ್ನು ‘ಡಿಡ್’ ಹೊತ್ತಾಗಿದೆ. ಸಂತೆಯಿಂದ ಬಂದ ಅಜ್ಜಿ ಯಾವತ್ತಾದರೂ ‘ಹೋದಲಿಲ್ಲ’ ಅಂದಿದ್ದಾರಾ?