ಬ್ರೇಕ್ ಈವನ್ ನಕ್ಷೆಯಲ್ಲಿ ಬಿಟ್ಟುಹೋದ ಪಗಾರ

ಬ್ಯಾಂಕ್ ಸಾಲಕ್ಕಾಗಿ ಸಿದ್ಧಪಡಿಸುವ ಯೋಜನಾ ವರದಿಯ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಬ್ರೇಕ್ ಈವನ್ ನಕ್ಷೆ, ಅಂದರೆ ಎಷ್ಟು ಮಾರಿದರೆ ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ಖರ್ಚು ಸರಿದೂಗುತ್ತದೆ ಎಂದು ತೋರಿಸುವ ನಕ್ಷೆ, ಇರುತ್ತದೆ. ಸಾಲ ಮಂಜೂರಾದ ಮೇಲೆ ವರದಿ ಕಪಾಟು ಸೇರುತ್ತದೆ, ನಕ್ಷೆಯನ್ನು ಮತ್ತೆ ಯಾರೂ ತೆರೆದು ನೋಡುವುದಿಲ್ಲ. ಹುಬ್ಬಳ್ಳಿಯಲ್ಲಿ ಸಣ್ಣ ಉದ್ದಿಮೆದಾರರ ಲೆಕ್ಕಪತ್ರ ನೋಡಿಕೊಳ್ಳುವ ನನಗೆ ಇದು ನಿಜಕ್ಕೂ ಬೇಸರದ ಸಂಗತಿ. ವ್ಯಾಪಾರ ಎಲ್ಲಿ ನಿಂತಿದೆ ಎಂಬುದನ್ನು ಒಂದೇ ನೋಟಕ್ಕೆ ತೋರಿಸುವುದರಲ್ಲಿ ಅದರಷ್ಟು ಸರಳವಾದ ಸಾಧನ ಇನ್ನೊಂದಿಲ್ಲ.

ಹಳೇ ಹುಬ್ಬಳ್ಳಿಯಲ್ಲಿ ಖಡಕ್ ರೊಟ್ಟಿ ಮಾಡಿಸಿ ಅಂಗಡಿ, ಖಾನಾವಳಿಗಳಿಗೆ ಕೊಡುವ ಹೆಣ್ಣುಮಗಳೊಬ್ಬರು ಕಳೆದ ವರ್ಷ ನನ್ನಲ್ಲಿಗೆ ಬಂದಿದ್ದರು. “ಲೆಕ್ಕದಾಗ ಲಾಭ ಐತ್ರಿ, ಕೈಯಾಗ ಮಾತ್ರ ಏನೂ ಉಳಿಯವಲ್ದು” ಎಂಬುದು ಅವರ ಚಿಂತೆ. ಅವರೆದುರಿಗೇ ಒಂದು ಗ್ರಾಫ್ ಹಾಳೆ ಹಾಸಿಕೊಂಡು ಖರ್ಚುಗಳನ್ನು ಎರಡಾಗಿ ಬೇರ್ಪಡಿಸಲು ಕುಳಿತೆವು.

ರೊಟ್ಟಿ ಮಾಡಿದರೂ ಮಾಡದಿದ್ದರೂ ತಿಂಗಳು ತುಂಬಿದೊಡನೆ ಎದುರು ನಿಲ್ಲುವುದು ಸ್ಥಿರ ವೆಚ್ಚ. ಅವರಿಗೆ ಜಾಗದ ಬಾಡಿಗೆ 12,000, ಕಾಯಂ ಕೆಲಸದಾಕೆಯ ಪಗಾರ 12,000, ಸಾಲದ ಬಡ್ಡಿ 5,000, ಯಂತ್ರಗಳ ಸವಕಳಿ 4,000, ಕರೆಂಟಿನ ನಿಗದಿತ ಶುಲ್ಕ ಮತ್ತು ಫೋನು 2,000, ಒಟ್ಟು 35,000 ರೂಪಾಯಿ. ಜೋಳ, ಗ್ಯಾಸ್, ಪ್ಯಾಕಿಂಗ್, ರೊಟ್ಟಿ ಲೆಕ್ಕದಲ್ಲಿ ಕೊಡುವ ಬಡಿಯುವವರ ಕೂಲಿ, ಇವು ರೊಟ್ಟಿಯ ಸಂಖ್ಯೆಯೊಂದಿಗೆ ಏರುವ ಬದಲಾಗುವ ವೆಚ್ಚ. ಒಂದು ರೊಟ್ಟಿಗೆ 5.50 ರೂಪಾಯಿ. ಕರೆಂಟ್ ಬಿಲ್ಲನ್ನು ಹಲವರು ಇಡಿಯಾಗಿ ಒಂದೇ ಕಡೆ ಹಾಕುತ್ತಾರೆ, ಹಾಗೆ ಮಾಡಬಾರದು. ಕಿಲೋವ್ಯಾಟ್ ಲೆಕ್ಕದ ನಿಗದಿತ ಶುಲ್ಕ ಸ್ಥಿರ ವೆಚ್ಚಕ್ಕೆ ಸೇರಬೇಕು, ಉತ್ಪಾದನೆಗೆ ಉರಿದ ಯೂನಿಟ್‌ಗಳ ಹಣ ಬದಲಾಗುವ ವೆಚ್ಚಕ್ಕೆ ಸೇರಬೇಕು.

ನಕ್ಷೆಯ ಅಡ್ಡ ಗೆರೆಯ ಮೇಲೆ ರೊಟ್ಟಿಗಳ ಸಂಖ್ಯೆ, ನಿಂತ ಗೆರೆಯ ಮೇಲೆ ರೂಪಾಯಿ. ಮಾರಾಟದ ಗೆರೆ ಸೊನ್ನೆಯಿಂದ ಹೊರಟು, ರೊಟ್ಟಿಗೆ 8 ರೂಪಾಯಿಯಂತೆ ಏರುತ್ತದೆ. ಒಟ್ಟು ವೆಚ್ಚದ ಗೆರೆ ಸೊನ್ನೆಯಿಂದ ಹೊರಡುವುದಿಲ್ಲ. ಅದು 35,000ದ ಎತ್ತರದಲ್ಲಿ ಹುಟ್ಟಿ, 5.50ರಂತೆ ನಿಧಾನವಾಗಿ ಏರುತ್ತದೆ. ಪ್ರತಿ ರೊಟ್ಟಿಯೂ ಸ್ಥಿರ ವೆಚ್ಚ ತೀರಿಸಲು 2.50 ರೂಪಾಯಿ ತಂದುಕೊಡುತ್ತದೆ. ಇದನ್ನೇ ಲೆಕ್ಕಶಾಸ್ತ್ರದಲ್ಲಿ ಕಾಂಟ್ರಿಬ್ಯೂಷನ್ ಎನ್ನುತ್ತಾರೆ. 35,000ವನ್ನು 2.50ರಿಂದ ಭಾಗಿಸಿದರೆ 14,000. ಆ ಸಂಖ್ಯೆಯಲ್ಲಿ ಎರಡೂ ಗೆರೆಗಳು 1,12,000 ರೂಪಾಯಿಯ ಎತ್ತರದಲ್ಲಿ ಕೂಡುತ್ತವೆ, ಅದೇ ಬ್ರೇಕ್ ಈವನ್ ಬಿಂದು. ಅವರು ತಿಂಗಳಿಗೆ 17,000 ರೊಟ್ಟಿ ಮಾರುತ್ತಿದ್ದರು. ಅಂದರೆ ಬಿಂದುವಿನಿಂದ 3,000 ರೊಟ್ಟಿ ಮುಂದೆ, ಲಾಭ 7,500.

ಹೆಚ್ಚಿನ ವರದಿಗಳು ಇಲ್ಲಿಗೆ ಮುಗಿಯುತ್ತವೆ. ನಾನು ಮಾತ್ರ ಗೆರೆಗಳು ಕೂಡುವ ಜಾಗಕ್ಕಿಂತ ವೆಚ್ಚದ ಗೆರೆ ಹುಟ್ಟುವ ಜಾಗವನ್ನು ಮೊದಲು ನೋಡುತ್ತೇನೆ. “ಅಕ್ಕಾರ, ಇದರಾಗ ನಿಮ್ಮ ಪಗಾರ ಎಲ್ಲಿ ಹಿಡದೀರಿ?” ಎಂದು ಕೇಳಿದೆ. “ನಮ್ಮ ಕೆಲಸಕ್ಕ ನಾವ ಪಗಾರ ತಗೊಳ್ಳೂದೇನ್ರಿ?” ಎಂದರು. ನಸುಕಿನ ಐದಕ್ಕೆ ಎದ್ದು ಹಿಟ್ಟು ನಾದಿಸುವುದರಿಂದ ಹಿಡಿದು ಸಂಜೆ ಅಂಗಡಿಗಳ ಬಾಕಿ ವಸೂಲಿಯವರೆಗೆ ಎಲ್ಲವನ್ನೂ ನೋಡಿಕೊಳ್ಳುವ ಅವರ ಜಾಗದಲ್ಲಿ ಇನ್ನೊಬ್ಬರನ್ನು ಇಟ್ಟರೆ ಕನಿಷ್ಠ 15,000 ಕೊಡಬೇಕಾಗುತ್ತಿತ್ತು. ಅದನ್ನು ಸೇರಿಸಿದಾಗ ಸ್ಥಿರ ವೆಚ್ಚ 50,000 ಆಯಿತು, ಬಿಂದು 20,000 ರೊಟ್ಟಿಗೆ ಸರಿಯಿತು, ಲಾಭವಿದ್ದ ಕಡೆ 7,500 ರೂಪಾಯಿಯ ನಷ್ಟ ಕಂಡಿತು. ಮನೆಖರ್ಚಿಗೆ ಅವರು ಗಲ್ಲೆಯಿಂದ ತೆಗೆಯುತ್ತಿದ್ದ ಹಣಕ್ಕೆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ. ಸ್ವಂತ ಮನೆಯ ಪಡಸಾಲೆಯಲ್ಲಿ ಉದ್ದಿಮೆ ನಡೆಸುವವರು ಬಾಡಿಗೆಯನ್ನೂ, ಮಕ್ಕಳಿಂದ ಸಾಗಾಟ ಮಾಡಿಸುವವರು ಆ ದುಡಿಮೆಯನ್ನೂ ಹೀಗೆಯೇ ಬಿಡುತ್ತಾರೆ. ಸಾಲದ ಅಸಲಿನ ವಿಷಯ ಬೇರೆ: ಕಂತಿನಲ್ಲಿ ಬಡ್ಡಿ ಮಾತ್ರ ವೆಚ್ಚ, ಅಸಲು ವೆಚ್ಚವಲ್ಲ. ಆದರೂ ಅದು ಕೈಯಿಂದ ಹೋಗುವ ಹಣವಾದ್ದರಿಂದ, ಲೆಕ್ಕದಲ್ಲಷ್ಟೇ ಇದ್ದು ಕೈಯಿಂದ ಹೋಗದ ಸವಕಳಿಯನ್ನು ಬಿಟ್ಟು ಅಸಲನ್ನು ಸೇರಿಸಿದ ಇನ್ನೊಂದು ನಕ್ಷೆಯನ್ನು ನಗದಿಗಾಗಿ ಬರೆದುಕೊಳ್ಳುವುದು ಒಳ್ಳೆಯದು.

ಇದೇ ಗೆರೆಗಳನ್ನು ಎಲ್ಲ ವ್ಯಾಪಾರಕ್ಕೂ ಹಾಗೆಯೇ ಹೊಂದಿಸಲು ಬರುವುದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪುಡಿ ಮಾಡುವವರು ಆವಕ ಹೆಚ್ಚಿರುವ ತಿಂಗಳುಗಳಲ್ಲಿ ಕೊಂಡು ಶೀತಲ ಗೃಹದಲ್ಲಿ ಇಡುತ್ತಾರೆ. ಚೀಲದ ಲೆಕ್ಕದಲ್ಲಿ ಬರುವ ಬಾಡಿಗೆ ಬದಲಾಗುವ ವೆಚ್ಚದಂತೆ ಕಾಣುತ್ತದೆ. ಆದರೆ ಚೀಲ ಒಳಗೆ ಹೋಗಿ ಹಂಗಾಮಿನ ಬಾಡಿಗೆ ಗೊತ್ತಾದ ಮೇಲೆ, ಪುಡಿ ಮಾರಾಟವಾದರೂ ಆಗದಿದ್ದರೂ ಅದನ್ನು ಕೊಡಲೇಬೇಕು. ಅಂಥವರು ತಿಂಗಳ ನಕ್ಷೆಗಿಂತ ಇಡೀ ವರ್ಷದ ನಕ್ಷೆ ಬರೆಯಬೇಕು. ಪೇಢೆಯ ಜೊತೆಗೆ ಹತ್ತಾರು ಸಿಹಿತಿನಿಸು ಮಾರುವ ಧಾರವಾಡದ ಅಂಗಡಿಯವರು ಅಡ್ಡ ಗೆರೆಯ ಮೇಲೆ ಸಂಖ್ಯೆಯ ಬದಲು ಮಾರಾಟದ ರೂಪಾಯಿಯನ್ನೇ ಹಿಡಿಯಬೇಕಾಗುತ್ತದೆ.

ರೊಟ್ಟಿಯ ಅಕ್ಕನವರು ನಕ್ಷೆ ನೋಡಿ ಮೊದಲು ಹೇಳಿದ್ದು, ಇನ್ನೂ 3,000 ರೊಟ್ಟಿ ಹೆಚ್ಚು ಮಾಡುತ್ತೇನೆ ಎಂದು. ಇದ್ದ ಒಲೆಗಳಲ್ಲಿ 18,000ಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಅದರಾಚೆಗೆ ಇನ್ನೊಂದು ಖೋಲಿ ಹಿಡಿಯಬೇಕಿತ್ತು, ಆಗ ವೆಚ್ಚದ ಗೆರೆ ಅಲ್ಲಿಯೇ ಮೆಟ್ಟಿಲಿನಂತೆ ಮೇಲಕ್ಕೆ ಜಿಗಿಯುತ್ತಿತ್ತು. ಹಾಗಾಗಿ ದರದ ಗೆರೆಯನ್ನು ಬದಲಿಸಿ ನೋಡಿದೆವು. ರೊಟ್ಟಿಗೆ 50 ಪೈಸೆ ಏರಿಸಿದರೆ ಕಾಂಟ್ರಿಬ್ಯೂಷನ್ 3 ರೂಪಾಯಿ ಆಗುತ್ತದೆ, ಬಿಂದು 16,667ಕ್ಕೆ ಇಳಿಯುತ್ತದೆ. ಜೋಳದ ತುಟ್ಟಿಯಿಂದ ಖರ್ಚು ಅಷ್ಟೇ ಪೈಸೆ ಏರಿ ದರ 8ರಲ್ಲೇ ನಿಂತರೆ, ಬಿಂದು 25,000ಕ್ಕೆ ಓಡುತ್ತದೆ. ಮರುವಾರ ಅವರು ಒಂದೊಂದೇ ಖಾನಾವಳಿಗೆ ಹೋಗಿ ಎಂಟೂವರೆ ರೂಪಾಯಿ ಹೇಳಿ ಬಂದರು. ಎರಡು ಕಡೆ ಒಪ್ಪಲಿಲ್ಲ, ಉಳಿದವರು ಒಪ್ಪಿದರು. ಆ ಎರಡು ಗಿರಾಕಿಗಳ ರೊಟ್ಟಿಯನ್ನು ಈಗ ಮನೆಬಾಗಿಲಲ್ಲೇ ಬಿಡಿಯಾಗಿ ಮಾರುತ್ತಿದ್ದಾರೆ, ಮತ್ತು ತಿಂಗಳ ಮೊದಲ ದಿನ ತಮ್ಮ ಪಗಾರವನ್ನು ವಹಿಯಲ್ಲಿ ಬರೆದೇ ತೆಗೆದುಕೊಳ್ಳುತ್ತಿದ್ದಾರೆ.