ಚಿನ್ನ ಸಿಕ್ಕಿ ಐವತ್ತು ವರ್ಷವಾದರೂ ಗಣಿ ಯಾಕೆ ಶುರುವಾಗಲಿಲ್ಲ?

ಓದುಗರ ಪ್ರಶ್ನೆ: ಎಲ್ಲೋ ಬೆಟ್ಟದಲ್ಲಿ ಚಿನ್ನ ಸಿಕ್ಕಿತು ಅಂತ ಸುದ್ದಿ ಬರುತ್ತದೆ. ಆಮೇಲೆ ಹತ್ತಿಪ್ಪತ್ತು ವರ್ಷ ಸದ್ದೇ ಇರುವುದಿಲ್ಲ. ಚಿನ್ನ ಇದೆ ಅಂತ ಗೊತ್ತಾದ ಮೇಲೂ ಅಗೆಯುವುದಕ್ಕೆ ಇಷ್ಟು ತಡ ಯಾಕೆ?

ಈ ಪ್ರಶ್ನೆ ತುಂಬಾ ಜನ ಕೇಳುತ್ತಾರೆ. ಸುಮ್ನೆ ಮೇಲಿಂದ ಮೇಲೆ ಉತ್ತರ ಕೊಡುವ ಬದಲು ಒಂದೇ ಜಾಗದ ಕಥೆ ಹೇಳುತ್ತೇನೆ. ಅದು ಆಸ್ಟ್ರೇಲಿಯಾದ ಉತ್ತರಕ್ಕಿರುವ ಪಪುವಾ ನ್ಯೂಗಿನಿ ದೇಶದ ಎಂಗಾ ಪ್ರಾಂತ್ಯದ ಪೊರ್ಗೆರಾ. ಸಮುದ್ರಮಟ್ಟಕ್ಕಿಂತ 2,000 ಮೀಟರಿಗೂ ಎತ್ತರದ ಬೆಟ್ಟಸೀಮೆ. ಯಾವಾಗಲೂ ಮಂಜು, ವರ್ಷಕ್ಕೆ 3 ಮೀಟರಿಗೂ ಜಾಸ್ತಿ ಮಳೆ. 1938–39ರಲ್ಲಿ ಆಸ್ಟ್ರೇಲಿಯಾ ಆಡಳಿತದ ಅಧಿಕಾರಿಗಳಾದ ಜಿಮ್ ಟೇಲರ್ ಮತ್ತು ಜಾನ್ ಬ್ಲ್ಯಾಕ್ ಈ ಕಡೆ ಕಾಲ್ನಡಿಗೆಯಲ್ಲಿ ತಿರುಗುತ್ತಿದ್ದಾಗ ಬ್ಲ್ಯಾಕ್ ಅವರಿಗೆ ಹೊಳೆಯ ಮರಳಲ್ಲಿ ಚಿನ್ನ ಕಂಡಿತು. ದೊಡ್ಡ ಗಣಿ ಶುರುವಾಗಿದ್ದು 1990ರಲ್ಲಿ. ನಡುವೆ ಐವತ್ತು ವರ್ಷ.

ಆ ಐವತ್ತು ವರ್ಷ ಯಾರೂ ಸುಮ್ಮನೆ ಕೂತಿರಲಿಲ್ಲ. ಅಲ್ಲಿನ ಇಪಿಲಿ ಜನ ಹೊಳೆಯ ಮರಳನ್ನು ತಟ್ಟೆಯಲ್ಲಿ ತೊಳೆದು ಚಿನ್ನ ತೆಗೆಯುತ್ತಿದ್ದರು. ಅಕ್ಕಿ ಜಾಲಿಸುವಾಗ ಕಲ್ಲು ತಳಕ್ಕೆ ಇಳಿಯುತ್ತದಲ್ಲ, ಇಲ್ಲಿ ಹಾಗೆ ತಳಕ್ಕಿಳಿಯುವುದು ಚಿನ್ನ. ಆದರೆ ಮರಳಲ್ಲಿ ಸಿಗುವುದು ಬೆಟ್ಟದಿಂದ ಸವೆದು ಬಂದ ಚೂರುಪಾರು ಮಾತ್ರ. ಉಳಿದದ್ದೆಲ್ಲ ಕಲ್ಲಿನೊಳಗೇ ಇರುತ್ತದೆ, ಅದನ್ನು ತಟ್ಟೆ ಹಿಡಿದು ತೆಗೆಯಲಾಗುವುದಿಲ್ಲ.

ಕಲ್ಲಿನೊಳಗೆ ಎಷ್ಟು ಇರುತ್ತದೆ ಗೊತ್ತಾ? ತೆರೆದ ಗಣಿಯಲ್ಲಿ ಟನ್ನಿಗೆ 4 ಗ್ರಾಂ ಸಿಕ್ಕರೆ ಒಳ್ಳೆಯ ಅದಿರು. ಒಂದು ಟನ್ ಕಲ್ಲು ಅಂದರೆ ಉದ್ದ, ಅಗಲ, ಎತ್ತರ ಮೂರೂ ಸುಮಾರು ಎರಡೂಕಾಲು ಅಡಿ ಇರುವ ಒಂದು ಬಂಡೆ. ಅದರಲ್ಲಿರುವ ಚಿನ್ನವನ್ನೆಲ್ಲ ಒಟ್ಟುಗೂಡಿಸಿದರೆ ಒಂದು ಕಡಲೆಕಾಳಿನಷ್ಟು ಆಗಬಹುದು. ಅದೂ ಒಂದೇ ಕಡೆ ಇರುವುದಿಲ್ಲ. ಪೊರ್ಗೆರಾದಲ್ಲಿ ಬಹುಪಾಲು ಚಿನ್ನ ಪೈರೈಟ್ ಎಂಬ ಗಂಧಕ ಮತ್ತು ಕಬ್ಬಿಣದ ಖನಿಜದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಸಿಕ್ಕಿಕೊಂಡಿದೆ. ಕಲ್ಲನ್ನು ಗೋಧಿಹಿಟ್ಟಿನಷ್ಟು ನುಣ್ಣಗೆ ಬೀಸಿದರೂ ಚಿನ್ನ ಕರಗಿಸುವ ಸೈನೈಡ್ ನೀರಿಗೆ ಅದು ಸಿಗುವುದಿಲ್ಲ. ಹಾಗಾಗಿ ಆ ಹಿಟ್ಟನ್ನು ದೊಡ್ಡ ಪ್ರೆಶರ್ ಕುಕ್ಕರಿನಂಥ ಉಕ್ಕಿನ ಪಾತ್ರೆಗೆ ಹಾಕಿ, ಆಮ್ಲಜನಕ ತುಂಬಿ, ಬಿಸಿ ಮತ್ತು ಒತ್ತಡದಲ್ಲಿ ಬೇಯಿಸಬೇಕು. ಆಗ ಪೈರೈಟ್ ಒಡೆದು ಆಮ್ಲ ಹುಟ್ಟುತ್ತದೆ. ಆಮೇಲೆ ಸುಣ್ಣ ಹಾಕಿ ಆಮ್ಲ ಇಳಿಸಿ, ಸೈನೈಡ್ ನೀರಲ್ಲಿ ಚಿನ್ನ ಕರಗಿಸಿ, ಅದನ್ನು ಇದ್ದಿಲಿಗೆ ಹಿಡಿಸುತ್ತಾರೆ. ಚಿನ್ನದ ಕಾರ್ಖಾನೆಗಳಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ತೆಂಗಿನ ಕರಟದ ಇದ್ದಿಲನ್ನೇ. ಗಟ್ಟಿ, ಬೇಗ ಪುಡಿಯಾಗುವುದಿಲ್ಲ.

ಇಷ್ಟೆಲ್ಲ ಖರ್ಚಿಗೆ ಯಾರು ದುಡ್ಡು ಹಾಕುತ್ತಾರೆ? ಮೊದಲು ಕೊರೆದು ನೋಡಬೇಕು. ಬೆಟ್ಟಕ್ಕೆ ನೂರಾರು ಮೀಟರ್ ಆಳ ತೂತು ಕೊರೆದು, ಕೋಲಿನಂಥ ಕಲ್ಲಿನ ತುಂಡುಗಳನ್ನು ಹೊರತೆಗೆದು, ಒಂದೊಂದು ಮೀಟರನ್ನೂ ಪರೀಕ್ಷೆಗೆ ಕಳಿಸುವ ಕೆಲಸ ಅದು. ಪೊರ್ಗೆರಾದಲ್ಲಿ ಇದು ವರ್ಷಗಟ್ಟಲೆ ನಡೆಯಿತು. 1980ರ ದಶಕದಲ್ಲಿ 'ಝೋನ್ 7' ಅನ್ನುವ ಭಾಗ ಸಿಕ್ಕ ಮೇಲೆ ಲೆಕ್ಕ ಬದಲಾಯಿತು. ಅಲ್ಲಿ ಟನ್ನಿಗೆ 20 ಗ್ರಾಮಿಗೂ ಜಾಸ್ತಿ ಚಿನ್ನವಿತ್ತು. ಹಾಕಿದ ದುಡ್ಡು ವಾಪಸ್ ಬರುತ್ತದೆ ಅನ್ನುವ ಧೈರ್ಯ ಬಂದಿದ್ದು ಆಗಲೇ.

ಇನ್ನು ರಸ್ತೆ. ಲಾಯೆ ಬಂದರಿನಿಂದ ಪೊರ್ಗೆರಾಕ್ಕೆ 600 ಕಿಲೋಮೀಟರಿಗೂ ಜಾಸ್ತಿ ದೂರ, ಅದೂ ಘಾಟಿ ಹತ್ತಿ ಇಳಿಯುವ ದಾರಿ. ಡೀಸೆಲ್, ಯಂತ್ರ, ಸಿಮೆಂಟ್ ಎಲ್ಲವೂ ಇದೊಂದೇ ದಾರಿಯಲ್ಲಿ ಬರಬೇಕು. ಮೇ 2024ರಲ್ಲಿ ಎಂಗಾದ ಯಂಬಾಲಿ ಊರಿನ ಮೇಲೆ ಗುಡ್ಡ ಜರಿದು ನೂರಾರು ಜನ ಮಣ್ಣಿನಡಿ ಸೇರಿದರು. ಆ ದಿನ ಪೊರ್ಗೆರಾಕ್ಕೆ ಹೋಗುವ ರಸ್ತೆಯೂ ಮುಚ್ಚಿತು.

ಕರೆಂಟಿನ ಕಥೆ ನಮಗೆ ಹೊಸದಲ್ಲ. ಕೋಲಾರದ ಗಣಿಗೆ ಕರೆಂಟ್ ಬೇಕು ಅಂತಲೇ ಅಲ್ವಾ ಶಿವನಸಮುದ್ರದಲ್ಲಿ ವಿದ್ಯುತ್ ಮಾಡಿ, 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿ ಎಳೆದಿದ್ದು! ಪೊರ್ಗೆರಾದವರು ಹೈಡ್ಸ್ ಎಂಬಲ್ಲಿ ಸಿಕ್ಕ ಅನಿಲದಿಂದ ವಿದ್ಯುತ್ ಮಾಡಿ, ಬೆಟ್ಟಗಳ ಮೇಲೆ 70 ಕಿಲೋಮೀಟರಿಗೂ ಉದ್ದದ ತಂತಿ ಎಳೆದರು. ಫೆಬ್ರವರಿ 2018ರಲ್ಲಿ 7.5 ತೀವ್ರತೆಯ ಭೂಕಂಪವಾದಾಗ ಆ ಕಡೆಯಿಂದ ಕರೆಂಟ್ ನಿಂತು ಗಣಿಗೂ ಏಟು ಬಿತ್ತು.

ನನಗೆ ಸಮಾಧಾನವಿಲ್ಲದ ವಿಷಯ ಅಂದರೆ ಚಿನ್ನ ತೆಗೆದ ಮೇಲೆ ಉಳಿಯುವ ಕೆಸರು. ಕಡಲೆಕಾಳಿನಷ್ಟು ಚಿನ್ನ ಹೋದ ಮೇಲೆ ಒಂದು ಟನ್ ಕಲ್ಲು ಒಂದು ಟನ್ ಆಗಿಯೇ ಇರುತ್ತದೆ. ಕೆಜಿಎಫ್‌ನಲ್ಲಿ ಅದನ್ನು ಗುಡ್ಡೆ ಹಾಕಿದರು. ಗಣಿ 2001ರಲ್ಲಿ ಮುಚ್ಚಿದರೂ ಸೈನೈಡ್ ದಿಬ್ಬಗಳು ಹಾಗೇ ಇವೆ, ಗಾಳಿ ಬೀಸಿದರೆ ದೂಳು ಮನೆಗಳೊಳಗೆ ಬರುತ್ತದೆ. ಪೊರ್ಗೆರಾದಲ್ಲಿ ಇಳಿಜಾರು, ಮಳೆ, ಭೂಕಂಪ ಎಲ್ಲ ಇರುವುದರಿಂದ ಕೆಸರಿಗೆ ಅಣೆಕಟ್ಟು ಕಟ್ಟುವುದು ಅಪಾಯ ಅಂತ ಹೇಳಿ, ಸೈನೈಡ್ ಕಡಿಮೆ ಮಾಡಿ ಕೆಸರನ್ನು ಹೊಳೆಗೇ ಬಿಟ್ಟರು. ಆ ನೀರು ಲಗಾಯಿಪ್ ಸೇರಿ, ಸ್ಟ್ರಿಕ್‌ಲ್ಯಾಂಡ್ ಆಗಿ, ಫ್ಲೈ ನದಿ ಸೇರಿ ಸಮುದ್ರಕ್ಕೆ ಹೋಗುತ್ತದೆ. ದಡದುದ್ದಕ್ಕೂ ಊರುಗಳಿವೆ. ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಗಣಿಗಳು ಮಾತ್ರ ಹೀಗೆ ಮಾಡುತ್ತವೆ. ಕೆಸರು ಇಡಲು ಜಾಗವಿಲ್ಲ ಅಂದರೆ ಗಣಿ ಬೇಡ ಅನ್ನಬೇಕಿತ್ತು, ಹೊಳೆಗೆ ಬಿಡಬಾರದಿತ್ತು.

ಕೊನೆಗೆ ನೆಲದ ಮಾತು. ಪಪುವಾ ನ್ಯೂಗಿನಿಯಲ್ಲಿ ಬಹುಪಾಲು ಭೂಮಿ ಸರ್ಕಾರದ್ದೂ ಅಲ್ಲ, ಒಬ್ಬೊಬ್ಬರ ಪಹಣಿಯಲ್ಲೂ ಇಲ್ಲ. ಅದು ಕುಲದ ಆಸ್ತಿ. ನೆಲದ ಒಡೆಯರನ್ನು ಅಲ್ಲಿನ ಟೋಕ್ ಪಿಸಿನ್ ಭಾಷೆಯಲ್ಲಿ 'ಪಾಪಾ ಗ್ರೌನ್' ಅನ್ನುತ್ತಾರೆ, ಅಂದರೆ ನೆಲದ ಅಪ್ಪ. ನಾವು ತಾಯಿ ಅನ್ನುವ ನೆಲಕ್ಕೆ ಅವರು ಅಪ್ಪಂದಿರು. ಇಪಿಲಿಗಳಲ್ಲಿ ತಂದೆ ಕಡೆಯಿಂದಲೂ ತಾಯಿ ಕಡೆಯಿಂದಲೂ ನೆಂಟಸ್ತಿಕೆ ಹೇಳಿ ಕುಲದ ಹಕ್ಕು ಕೇಳಬಹುದು. ಗಣಿ ಬಂತು ಅಂದ ಕೂಡಲೇ ನೆಂಟರು ಬಂದರು, ನೆಂಟರ ನೆಂಟರೂ ಬಂದರು. ಕೆಲವು ಸಾವಿರ ಜನರಿದ್ದ ಕಣಿವೆಯಲ್ಲಿ ಈಗ ಹತ್ತಾರು ಸಾವಿರ ಜನ. ಯಾರ ಜೊತೆ ಮಾತಾಡಬೇಕು, ಯಾರಿಗೆ ಪರಿಹಾರ ಕೊಡಬೇಕು ಅನ್ನುವುದೇ ದೊಡ್ಡ ಗೋಜಲು.

ಮಾತಾಡದೆ ಗಣಿ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಅದೇ ದೇಶದಲ್ಲಿ ಪಾಂಗುನಾ ಇತ್ತು. ಬೂಗನ್‌ವಿಲ್ ದ್ವೀಪದ ಆ ತಾಮ್ರ ಮತ್ತು ಚಿನ್ನದ ಗಣಿ ನೆಲದ ಒಡೆಯರ ಸಿಟ್ಟಿಗೆ 1989ರಲ್ಲಿ ಮುಚ್ಚಿತು. ಅಂತರ್ಯುದ್ಧವೇ ಶುರುವಾಯಿತು. ಅದೇ ಹೊತ್ತಿಗೆ ಪೊರ್ಗೆರಾದಲ್ಲಿ ಕುಲಗಳ ಮುಖಂಡರು, ಪ್ರಾಂತ್ಯ ಸರ್ಕಾರ ಮತ್ತು ಕೇಂದ್ರ ಸರ್ಕಾರ ಒಂದೇ ಕಡೆ ಕೂತು ಒಪ್ಪಂದ ಮಾಡಿಕೊಂಡರು.

ಒಪ್ಪಂದವಾದರೂ ಎಲ್ಲ ಸರಿಹೋಗಲಿಲ್ಲ. ಗುಂಡಿಯ ಪಕ್ಕದಲ್ಲೇ, ಕಲ್ಲಿನ ರಾಶಿಗಳ ನಡುವೆಯೇ ಜನ ಉಳಿದರು. ಎಸೆದ ಕಲ್ಲಲ್ಲಿ ಚಿನ್ನ ಆರಿಸಲು ಹೋದ ಹೆಂಗಸರ ಮೇಲೆ ಗಣಿಯ ಭದ್ರತಾ ಸಿಬ್ಬಂದಿ ಅತ್ಯಾಚಾರ ಮಾಡಿದ್ದನ್ನು 2011ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಹೊರಗೆ ತಂದಿತು. ಆಮೇಲೆ ನೂರಕ್ಕೂ ಹೆಚ್ಚು ಹೆಂಗಸರಿಗೆ ಪರಿಹಾರ ಕೊಡಲಾಯಿತು. ಚಿನ್ನದ ಬಗ್ಗೆ ಬರೆಯುವಾಗ ಈ ಮಾತನ್ನು ಬಿಟ್ಟು ಬರೆಯಲು ನನಗೆ ಮನಸ್ಸಾಗುವುದಿಲ್ಲ.

2019ರಲ್ಲಿ ಗಣಿಯ ಗುತ್ತಿಗೆ ಮುಗಿಯಿತು. ಏಪ್ರಿಲ್ 2020ರಲ್ಲಿ ಸರ್ಕಾರ ಅದನ್ನು ಮುಂದುವರಿಸುವುದಿಲ್ಲ ಅಂದಿತು, ಗಣಿ ನಿಂತಿತು. ರಸ್ತೆ ಇತ್ತು, ತಂತಿ ಇತ್ತು, ಕುಕ್ಕರುಗಳೂ ಇದ್ದವು, ಚಿನ್ನಕ್ಕೆ ಒಳ್ಳೆಯ ಬೆಲೆಯೂ ಇತ್ತು. ಆದರೂ ಪಾಲು ಎಷ್ಟು ಯಾರಿಗೆ ಅನ್ನುವುದು ತೀರ್ಮಾನವಾಗಿ, ದೇಶದವರಿಗೆ 51 ಭಾಗ, ಕಂಪನಿಗೆ 49 ಭಾಗ ಅಂತ ಹೊಸ ಒಪ್ಪಂದವಾಗಿ, ಗಣಿ ಮತ್ತೆ ತೆರೆದಿದ್ದು ಡಿಸೆಂಬರ್ 2023ರಲ್ಲಿ. ಎಲ್ಲ ಸಿದ್ಧವಿದ್ದ ಗಣಿಗೇ ಮೂರು ವರ್ಷ ಎಂಟು ತಿಂಗಳು ಹಿಡಿಯಿತು.